ಒಂದೇ ಮನೆ, ಒಂದೇ ನೆಗಡಿ, ಇಬ್ಬರು ಮಕ್ಕಳ ಕಿವಿನೋವು

ದಾವಣಗೆರೆಯಲ್ಲಿ ಚಳಿ ಶುರುವಾದರೆ ಸಾಕು, ಮಕ್ಕಳ ಕಿವಿನೋವು ಜಾಸ್ತಿಯಾಗುತ್ತದೆ. ಮೊದಲು ನೆಗಡಿ, ಮೂರ್ನಾಲ್ಕು ದಿನಕ್ಕೆ ಜ್ವರ, ಆಮೇಲೆ ರಾತ್ರಿಯಿಡೀ ಅಳು. ಮಕ್ಕಳ ವೈದ್ಯೆಯಾಗಿ ನಾನು ನೋಡಿದ ಅಂಥ ಒಂದು ಮನೆಯ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅಕ್ಕ, ತಮ್ಮ ಇಬ್ಬರಿಗೂ ಒಂದೇ ವಾರದಲ್ಲಿ ಕಿವಿ ನೋವು ಬಂತು. ತಮ್ಮನಿಗೆ ಆಂಟಿಬಯಾಟಿಕ್ ಕೊಟ್ಟೆ. ಅಕ್ಕನಿಗೆ ಕೊಡಲಿಲ್ಲ. ಯಾಕೆ ಹಾಗೆ ಮಾಡಿದೆ ಅನ್ನುವುದನ್ನು ತಂದೆತಾಯಿಗಳು ತಿಳಿದಿರಬೇಕು ಅನ್ನುವುದು ನನ್ನ ಆಸೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಬಂದಾಗ ಹೇಗಿದ್ದರು

ಹುಡುಗನಿಗೆ 14 ತಿಂಗಳು, ತೂಕ 9 ಕೆಜಿ. ಅಕ್ಕನಿಗೆ 5 ವರ್ಷ, ತೂಕ 16 ಕೆಜಿ. ತಂದೆಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಮನೆಯೂ ಭಟ್ಟಿಗಳಿರುವ ಕಡೆಯೇ. ಮಕ್ಕಳನ್ನು ಕರೆದುಕೊಂಡು ಬಂದಿದ್ದು ತಾಯಿ ಮತ್ತು ಅಜ್ಜಿ. ಡಿಸೆಂಬರ್ ಮೊದಲ ವಾರ.

ಮೊದಲು ನೆಗಡಿ ಬಂದಿದ್ದು ಅಂಗನವಾಡಿಗೆ ಹೋಗುವ ಅಕ್ಕನಿಗೆ. ಅವಳಿಂದ ತಮ್ಮನಿಗೆ. ನಾಲ್ಕನೇ ದಿನ ತಮ್ಮನಿಗೆ ಜ್ವರ ಏರಿತು. ಎರಡು ರಾತ್ರಿ ಮಲಗಿಲ್ಲ. ಮಲಗಿಸಿದರೆ ಅಳು, ಎತ್ತಿಕೊಂಡರೆ ಸ್ವಲ್ಪ ಸಮಾಧಾನ. ಬಾಟಲಿ ಬಾಯಿಗಿಟ್ಟರೆ ಎರಡು ಗುಟುಕು ಕುಡಿದು ತಳ್ಳಿಬಿಡುತ್ತಿದ್ದ.

"ಕಿವಿ ಎಳ್ಕಂತಾನೆ ಮೇಡಂ. ಹಲ್ಲು ಬರ್ತವೆ ಅಂತ ಸುಮ್ನಿದ್ವಿ. ರಾತ್ರಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯ್ಸಿ ಎರಡು ಹನಿ ಬಿಟ್ಟೆ" ಅಂದರು ಅಜ್ಜಿ.

ಅಕ್ಕನಿಗೆ ಹಿಂದಿನ ದಿನ ಸಂಜೆಯಿಂದ ಬಲಗಿವಿ ನೋವು. ಸ್ವಲ್ಪ ಹೊತ್ತು ಅತ್ತು ಮಲಗಿದ್ದಳು. ಬೆಳಿಗ್ಗೆ ಚಿತ್ರಾನ್ನ ತಿಂದು ಬಂದಿದ್ದಳು. ಕಿವಿ ನೋಯುತ್ತಾ ಅಂತ ಕೇಳಿದರೆ ಬೆರಳಿಟ್ಟು ತೋರಿಸಿದಳು, ಅಷ್ಟೆ.

ಇಂಥ ಸಮಯದಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆಗಳು ಕೆಲವಿವೆ. ಕಳೆದ ಒಂದು ತಿಂಗಳಲ್ಲಿ ಆಂಟಿಬಯಾಟಿಕ್ ಏನಾದರೂ ಕೊಟ್ಟಿದ್ದೀರಾ? ಪೆನಿಸಿಲಿನ್ ಗುಂಪಿನ ಔಷಧಿಗೆ ಹಿಂದೆ ಮೈಮೇಲೆ ಗಂಧೆ ಎದ್ದಿತ್ತಾ? ಕಿವಿಯಿಂದ ಕೀವು ಬಂದಿದೆಯಾ? ವಾಂತಿ, ಮಂಪರು, ಫಿಟ್ಸ್ ಇತ್ತಾ? ಎಲ್ಲಕ್ಕೂ ಇಲ್ಲ ಅಂದರು. ಜೊತೆಗೆ ತಾಯಿ ಕಾರ್ಡ್ ಕೂಡ ನೋಡಿದೆ. ಹುಡುಗನಿಗೆ 9 ತಿಂಗಳಲ್ಲಿ ಹಾಕಬೇಕಿದ್ದ ನ್ಯುಮೊಕಾಕಲ್ ಲಸಿಕೆ ಬಿಟ್ಟುಹೋಗಿತ್ತು.

ಕಿವಿ ನೋಡಿದಾಗ ಕಂಡದ್ದು

ಹುಡುಗನ ಜ್ವರ 102.6 ಡಿಗ್ರಿ ಫ್ಯಾರನ್‌ಹೀಟ್. ಎದೆ ಸರಿ ಇತ್ತು. ಕುತ್ತಿಗೆ ಬಿಗಿದಿರಲಿಲ್ಲ. ಕಿವಿಯ ಹಿಂದಿನ ಮೂಳೆ ಮುಟ್ಟಿ ನೋಡಿದೆ. ಅಲ್ಲಿ ಊತ, ಕೆಂಪು ಇದ್ದು ಕಿವಿ ಮುಂದಕ್ಕೆ ಚಾಚಿಕೊಂಡಿದ್ದರೆ ಸೋಂಕು ಮೂಳೆಗೆ ಇಳಿದಿದೆ ಎಂದು ಅರ್ಥ. ಅಂಥ ಮಗುವನ್ನು ಆಸ್ಪತ್ರೆಗೆ ಸೇರಿಸಲೇಬೇಕು. ಇವನಿಗೆ ಅದು ಇರಲಿಲ್ಲ.

ಆಮೇಲೆ ಕಿವಿಯ ಒಳಗೆ ನೋಡುವುದು. ಇದಕ್ಕೆ ಅವಸರ ಮಾಡಬಾರದು. ಮಗುವನ್ನು ತಾಯಿಯ ತೊಡೆಯ ಮೇಲೆ ಅಡ್ಡಲಾಗಿ ಕೂರಿಸಿದೆ. ತಾಯಿಯ ಒಂದು ಕೈ ಮಗುವಿನ ಎರಡೂ ಕೈಗಳನ್ನು ಸೇರಿಸಿ ಹಿಡಿಯಿತು. ಇನ್ನೊಂದು ಕೈ ಹಣೆಯನ್ನು ಎದೆಗೊತ್ತಿ ಹಿಡಿಯಿತು. ಇಷ್ಟು ಚಿಕ್ಕ ಮಕ್ಕಳಲ್ಲಿ ಕಿವಿಯನ್ನು ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ಎಳೆದರೆ ಒಳದಾರಿ ನೇರವಾಗುತ್ತದೆ.

ಮೊದಲ ನೋಟಕ್ಕೆ ಎಡಗಿವಿಯಲ್ಲಿ ಕಂಡದ್ದು ಎಣ್ಣೆ ಮತ್ತು ಗುಗ್ಗೆ ಮಾತ್ರ. ತಮಟೆ, ಅಂದರೆ ಕಿವಿಯೊಳಗಿನ ತೆಳು ಪರದೆ, ಕಾಣಲೇ ಇಲ್ಲ. ಬೆಳಕು ಬಿಟ್ಟು, ಹತ್ತಿ ಸುತ್ತಿದ ಸಣ್ಣ ಕಡ್ಡಿಯಿಂದ ನಿಧಾನಕ್ಕೆ ಒರೆಸಿ ತೆಗೆದೆ. ಇದನ್ನು ಮನೆಯಲ್ಲಿ ಯಾರೂ ಮಾಡಬೇಡಿ. ಮಗು ತಲೆ ಅಲ್ಲಾಡಿಸಿದರೆ ಕಡ್ಡಿ ತಮಟೆಗೇ ತಗಲುತ್ತದೆ.

ಎಣ್ಣೆ ಹೋದ ಮೇಲೆ ಎಡಗಿವಿಯ ತಮಟೆ ಕಂಡಿತು. ಹಳದಿ ಮಿಶ್ರಿತ ಕೆಂಪು. ಪೂರ್ತಿ ಹೊರಕ್ಕೆ ಉಬ್ಬಿತ್ತು. ಉದ್ದಿನ ವಡೆಯನ್ನು ನೆನಪಿಸಿಕೊಳ್ಳಿ: ನಡುವೆ ತಗ್ಗು, ಸುತ್ತಲೂ ಉಬ್ಬು. ಕೀವು ತುಂಬಿದ ತಮಟೆ ಹಾಗೇ ಕಾಣುತ್ತದೆ. ನಡುವೆ ಒಂದು ಪುಟ್ಟ ಮೂಳೆ ಅದನ್ನು ಹಿಡಿದಿರುವುದರಿಂದ ಅಲ್ಲಿ ಮಾತ್ರ ತಗ್ಗು ಉಳಿಯುತ್ತದೆ. ಬಲಗಿವಿಯಲ್ಲೂ ಉಬ್ಬಿತ್ತು, ಆದರೆ ಎಡಕ್ಕಿಂತ ಕಡಿಮೆ. ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಓಟೋಸ್ಕೋಪಿಗೆ ಸೇರಿಸುವ ರಬ್ಬರ್ ಬಲ್ಬ್ ಒತ್ತಿ ಮೆಲ್ಲಗೆ ಗಾಳಿ ಬಿಟ್ಟೆ. ಆರೋಗ್ಯವಂತ ತಮಟೆ ಆ ಗಾಳಿಗೆ ಒಳಕ್ಕೂ ಹೊರಕ್ಕೂ ಅಲುಗುತ್ತದೆ. ಇವನ ಎರಡೂ ತಮಟೆ ಅಲುಗಲಿಲ್ಲ. ಅಂದರೆ ಹಿಂದೆ ದ್ರವ ತುಂಬಿದೆ.

ಅಕ್ಕನ ಎಡಗಿವಿ ಸರಿ ಇತ್ತು. ತಮಟೆ ಬೂದು ಬಣ್ಣ, ಬೆಳಕು ಬಿಟ್ಟರೆ ಹೊಳಪು. ಬಲಗಿವಿಯ ತಮಟೆ ಸ್ವಲ್ಪ ಉಬ್ಬಿತ್ತು, ಅಲುಗಾಟ ಕಡಿಮೆ. ಜ್ವರ 99.8.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಿವಿ ಎಳೆದುಕೊಳ್ಳುವುದು ಸೋಂಕಿನ ಗುರುತು ಅಲ್ಲ. ಹಲ್ಲು ಬರುವಾಗಲೂ ಎಳೆಯುತ್ತಾರೆ, ನಿದ್ದೆ ಬಂದರೂ ಎಳೆಯುತ್ತಾರೆ. ತಮಟೆ ಕೆಂಪಾಗಿರುವುದೂ ಗುರುತು ಅಲ್ಲ. ಅತ್ತರೆ ಕೆಂಪಾಗುತ್ತದೆ, ಜ್ವರಕ್ಕೂ ಕೆಂಪಾಗುತ್ತದೆ. ನಂಬಬೇಕಾದದ್ದು ಉಬ್ಬನ್ನು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೇ ಸ್ಪಷ್ಟವಾಗಿ ಹೇಳುತ್ತದೆ. ಮಧ್ಯಕಿವಿಯ, ಅಂದರೆ ತಮಟೆಯ ಹಿಂದಿನ ಭಾಗದ, ಸೋಂಕು ಅನ್ನಬೇಕಾದರೆ ತಮಟೆ ಚೆನ್ನಾಗಿ ಉಬ್ಬಿರಬೇಕು. ಅಥವಾ ಕಿವಿಯಿಂದ ಹೊಸದಾಗಿ ಕೀವು ಬಂದಿರಬೇಕು. ಅಥವಾ ಸ್ವಲ್ಪ ಉಬ್ಬಿದ್ದು, ಜೊತೆಗೆ 48 ಗಂಟೆಯೊಳಗೆ ಶುರುವಾದ ನೋವೋ ಕಡುಗೆಂಪೋ ಇರಬೇಕು. ತಮಟೆಯ ಹಿಂದೆ ದ್ರವವೇ ಇಲ್ಲವೆಂದರೆ ಅದು ಮಧ್ಯಕಿವಿಯ ಸೋಂಕು ಅಲ್ಲವೇ ಅಲ್ಲ. ಹಾಗಾಗಿ ತಮಟೆ ನೋಡದೆ "ಕಿವಿ ಇನ್ಫೆಕ್ಷನ್" ಅಂತ ಚೀಟಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಎಣ್ಣೆಯನ್ನು ಒರೆಸುವುದಕ್ಕೆ ಹಿಡಿಯುವ ಐದು ನಿಮಿಷ ಯಾವತ್ತೂ ದಂಡವಲ್ಲ.

ಈ ಲೆಕ್ಕದಲ್ಲಿ ಇಬ್ಬರಿಗೂ ಮಧ್ಯಕಿವಿಯ ಸೋಂಕು ಇತ್ತು. ಆದರೆ ಎರಡೂ ಒಂದೇ ತೂಕದ್ದಲ್ಲ.

ಅಜ್ಜಿಯ ಪ್ರಶ್ನೆ

ಹುಡುಗನಿಗೆ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಬರೆದೆ. ಹುಡುಗಿಗೆ ಪ್ಯಾರಾಸಿಟಮಾಲ್ ಮಾತ್ರ. ಅಜ್ಜಿ ಚೀಟಿ ನೋಡಿದರು, ನನ್ನ ಮುಖ ನೋಡಿದರು.

"ಇಬ್ರಿಗೂ ಕಿವಿನೇ ನೋಯ್ತವೆ. ಗಂಡು ಹುಡುಗನಿಗೆ ಕೊಟ್ಟು ಹೆಣ್ಣು ಹುಡುಗಿಗೆ ಬ್ಯಾಡ ಅಂದ್ರೆ ಹೆಂಗ್ರೀ ಮೇಡಂ?"

ಈ ಪ್ರಶ್ನೆ ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಔಷಧಿ ವಿಷಯದಲ್ಲಿ ಹೆಣ್ಣುಮಗಳಿಗೆ ಕಡಿಮೆಯಾಗಬಾರದು ಅಂತ ಕಾಯುವ ಅಜ್ಜಿ ಎಲ್ಲ ಮನೆಯಲ್ಲೂ ಇರುವುದಿಲ್ಲ. ಕೂತು ಬಿಡಿಸಿ ಹೇಳಿದೆ.

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಒಂದು ಸಣ್ಣ ನಳಿಗೆ ಇದೆ. ಕಿವಿಯೊಳಗಿನ ಗಾಳಿಯನ್ನು ಸರಿದೂಗಿಸುವುದು, ಒಳಗಿನ ದ್ರವವನ್ನು ಹೊರಗೆ ಬಿಡುವುದು ಅದರ ಕೆಲಸ. ದೊಡ್ಡವರಲ್ಲಿ ಅದು ಉದ್ದ ಮತ್ತು ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಮಟ್ಟಸ. ನೆಗಡಿ ಬಂದರೆ ಊದಿಕೊಂಡು ಮುಚ್ಚಿಹೋಗುತ್ತದೆ. ಒಳಗೆ ದ್ರವ ನಿಲ್ಲುತ್ತದೆ. ಮೂಗಿನಲ್ಲಿರುವ ಬ್ಯಾಕ್ಟೀರಿಯಾ ಅಲ್ಲಿಗೆ ಏರಿ ಕೀವು ಮಾಡುತ್ತವೆ. ನ್ಯುಮೊಕಾಕಸ್, ಹೀಮೊಫಿಲಸ್, ಮೊರಾಕ್ಸೆಲ್ಲಾ ಅನ್ನುವ ಮೂರು ಇದರಲ್ಲಿ ಮುಖ್ಯ. 6 ತಿಂಗಳಿಂದ 2 ವರ್ಷದೊಳಗಿನ ಮಕ್ಕಳಿಗೆ ಇದು ಹೆಚ್ಚು. ವಯಸ್ಸು ಏರಿದಂತೆ ನಳಿಗೆ ಬೆಳೆಯುತ್ತದೆ, ದೇಹ ತಾನೇ ಸೋಂಕನ್ನು ಗೆಲ್ಲುವುದು ಸುಲಭವಾಗುತ್ತದೆ.

ಹುಡುಗನ ವಯಸ್ಸು 2ಕ್ಕಿಂತ ಕಡಿಮೆ. ಎರಡೂ ಕಿವಿ ಹಿಡಿದಿವೆ. ಜ್ವರ 102.2 ದಾಟಿದೆ. ಈ ಮೂರರಲ್ಲಿ ಜ್ವರವೊಂದೇ ಇದ್ದರೂ ಆಂಟಿಬಯಾಟಿಕ್ ಕೊಡಬೇಕು. ಇವನಿಗಂತೂ ಅನುಮಾನವೇ ಇಲ್ಲ. ಹುಡುಗಿಗೆ 5 ವರ್ಷ, ಒಂದೇ ಕಿವಿ, ನೋವು ಕಡಿಮೆ, ಜ್ವರ ಇಲ್ಲವೆನ್ನುವಷ್ಟು. ಅಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಬೇಡದ ಕಡೆ ಆಂಟಿಬಯಾಟಿಕ್ ಕೊಟ್ಟರೆ ಭೇದಿ, ಗಂಧೆ. ಮುಂದೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದಿರುವ ಭಯ ಬೇರೆ.

"ಹಂಗಾದ್ರೆ ಜಾಸ್ತಿ ಆದ್ರೆ?" ಅಂದರು ತಾಯಿ.

"48 ಗಂಟೆ ನೋಡಮ್ಮ. ಅಷ್ಟರಲ್ಲಿ ನೋವು ಕಡಿಮೆ ಆಗಲಿಲ್ಲ, ಜ್ವರ ಏರಿತು, ಕೀವು ಬಂತು ಅಂದ್ರೆ ಅವತ್ತೇ ಕರ್ಕೊಂಡು ಬಾ. ಏನೂ ಇಲ್ಲದಿದ್ರೂ ಮೂರನೇ ದಿನ ಇಬ್ಬರನ್ನೂ ತೋರಿಸ್ಲೇಬೇಕು."

ಕಾದು ನೋಡುವುದೂ ಚಿಕಿತ್ಸೆಯೇ. ಆದರೆ ವಾಪಸ್ ಬರುತ್ತಾರೆ ಅನ್ನುವ ಭರವಸೆ ಇದ್ದಾಗ ಮಾತ್ರ. ಇವರ ಮನೆ ಊರೊಳಗೇ, ಆಟೋ ಹಿಡಿದರೆ ಹತ್ತು ನಿಮಿಷ. ಇದೇ ಹುಡುಗಿ ಜಗಳೂರಿನ ಆಚೆಯ ಹಳ್ಳಿಯಿಂದ ಬಂದಿದ್ದರೆ, ಇರುವ ಒಂದೆರಡು ಬಸ್ಸನ್ನೇ ನೆಚ್ಚಿಕೊಂಡಿದ್ದರೆ, ನಾನು ಚೀಟಿ ಬರೆದು ಕೈಗೆ ಕೊಡುತ್ತಿದ್ದೆ. "ಎರಡು ದಿನ ಕಾಯಿರಿ, ಕಡಿಮೆ ಆಗದಿದ್ದರೆ ಮಾತ್ರ ತಗೊಳ್ಳಿ" ಅಂತ ಹೇಳಿ ಕಳಿಸುತ್ತಿದ್ದೆ. 6 ತಿಂಗಳೊಳಗಿನ ಮಗುವಾದರೆ ಈ ಕಾಯುವ ಮಾತೇ ಇಲ್ಲ.

ನೋವಿಗೆ ಔಷಧಿಯನ್ನು ಮಾತ್ರ ಇಬ್ಬರಿಗೂ ತಕ್ಷಣ ಕೊಡಿಸಿದೆ. ಇದು ಎಲ್ಲರೂ ಮರೆಯುವ ವಿಷಯ. ಆಂಟಿಬಯಾಟಿಕ್ ಶುರು ಮಾಡಿದರೂ ಮೊದಲ ದಿನ ನೋವು ಹಾಗೇ ಇರುತ್ತದೆ. ರಾತ್ರಿ ಮಗು ಮಲಗುವುದು ಪ್ಯಾರಾಸಿಟಮಾಲ್‌ನಿಂದ. ಒಂದು ಕೆಜಿಗೆ 15 ಮಿ.ಗ್ರಾಂ. ಲೆಕ್ಕದಲ್ಲಿ, 6 ಗಂಟೆಗೊಮ್ಮೆ. ನೆಗಡಿಗೆ ಕೊಡುವ ಮೂಗು ಒಣಗಿಸುವ ಸಿರಪ್‌ಗಳಿಂದ ಕಿವಿಗೆ ಯಾವ ಉಪಯೋಗವೂ ಇಲ್ಲ. ಅವನ್ನು ಬರೆಯಲಿಲ್ಲ.

ಎಣ್ಣೆಯ ಬಗ್ಗೆ ಅಜ್ಜಿಗೆ ಹೇಳಿದ್ದು ಇಷ್ಟು: ಕೀವು ಇರುವುದು ತಮಟೆಯ ಆಚೆ. ಎಣ್ಣೆ ನಿಲ್ಲುವುದು ಈಚೆ. ತಮಟೆಯಲ್ಲಿ ತೂತು ಬಿದ್ದಿದ್ದರೆ ಅದು ಒಳಗೆ ಹೋಗಿ ಇನ್ನಷ್ಟು ಕೆಡುತ್ತದೆ. ಕಾದ ಎಣ್ಣೆಯಿಂದ ಸುಟ್ಟ ಕಿವಿಗಳನ್ನೂ ನೋಡಿದ್ದೇನೆ. ಬೆಚ್ಚಗಿನ ಬಟ್ಟೆಯನ್ನು ಕಿವಿಯ ಹೊರಗೆ ಒತ್ತಿ ಹಿಡಿಯಿರಿ. ಅಷ್ಟು ಸಾಕು.

ಮೂರನೇ ದಿನ

ಅಕ್ಕ ಓಡಿಕೊಂಡು ಒಳಗೆ ಬಂದಳು. ಎರಡನೇ ದಿನಕ್ಕೇ ನೋವು ನಿಂತಿತ್ತು. ಪ್ಯಾರಾಸಿಟಮಾಲ್ ಮೂರು ಸಲ ಕೊಟ್ಟಿದ್ದರು. ತಮಟೆಯ ಉಬ್ಬು ಇಳಿದಿತ್ತು.

ತಮ್ಮ ಮಾತ್ರ ಸುಧಾರಿಸಿರಲಿಲ್ಲ. ಜ್ವರ 101.4. ರಾತ್ರಿ ಅಳು ಕಡಿಮೆಯಾಗಿಲ್ಲ. ಎಡಗಿವಿ ಹಾಗೇ ಉಬ್ಬಿತ್ತು. ಇನ್ನಷ್ಟು ಕೆಟ್ಟಿರಲಿಲ್ಲ, ಕಿವಿಯ ಹಿಂದೆ ಊತವಿಲ್ಲ, ಹಾಲು ಸ್ವಲ್ಪ ಕುಡಿಯುತ್ತಿದ್ದ.

48ರಿಂದ 72 ಗಂಟೆಯಲ್ಲಿ ಗುಣ ಕಾಣದಿದ್ದರೆ ಔಷಧಿ ಬದಲಿಸಬೇಕು ಅನ್ನುವುದು ನಿಯಮ. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಔಷಧಿಗೆ ಹೋಗುತ್ತೇವೆ. ಅದಕ್ಕೂ ಮುಂಚೆ ಔಷಧಿ ಹೊಟ್ಟೆಗೆ ಎಷ್ಟು ಹೋಗಿದೆ ಅಂತ ತಿಳಿಯಬೇಕು. ಬಾಟಲಿ ತಂದಿದ್ದೀರಾ ಅಂದೆ. ತಾಯಿ ಬ್ಯಾಗಿನಿಂದ ತೆಗೆದರು.

ನಾನು ಬರೆದದ್ದು 5 ಎಂಎಲ್‌ನಲ್ಲಿ 250 ಮಿ.ಗ್ರಾಂ. ಇರುವ ಪುಡಿ ಸಿರಪ್. ಒಂದು ಕೆಜಿಗೆ ದಿನಕ್ಕೆ 90 ಮಿ.ಗ್ರಾಂ. ಲೆಕ್ಕ. 9 ಕೆಜಿಗೆ ದಿನಕ್ಕೆ ಸುಮಾರು 800. ಅಂದರೆ ಬೆಳಿಗ್ಗೆ 8 ಎಂಎಲ್, ರಾತ್ರಿ 8 ಎಂಎಲ್. ಬಾಟಲಿಯ ಮೇಲೆ ಇದ್ದದ್ದು 5 ಎಂಎಲ್‌ಗೆ 125. ಔಷಧಿ ಅಂಗಡಿಯಲ್ಲಿ 250 ಇಲ್ಲ, ಎರಡೂ ಒಂದೇ ಅಂತ ಕೊಟ್ಟಿದ್ದರಂತೆ. ತಾಯಿ ನಾನು ಹೇಳಿದ ಹಾಗೆ ಸರಿಯಾಗಿ 8 ಎಂಎಲ್ ಅಳೆದು, ಒಂದು ಹೊತ್ತೂ ತಪ್ಪಿಸದೆ ಕುಡಿಸಿದ್ದರು. ಮಗುವಿಗೆ ಸಿಕ್ಕಿದ್ದು ಅರ್ಧ ಡೋಸ್.

ಔಷಧಿ ಒಂದೇ, ನಿಜ. ಆದರೆ ಈ ಕಾಯಿಲೆಗೆ ಅರ್ಧ ಡೋಸ್ ಅಂದರೆ ಔಷಧಿ ಕೊಡದಿದ್ದಷ್ಟೇ ಕಷ್ಟ. ಮಧ್ಯಕಿವಿಯೊಳಗೆ ಔಷಧಿ ಹೋಗುವುದೇ ಕಡಿಮೆ. ಸ್ವಲ್ಪ ಪ್ರತಿರೋಧ ಬೆಳೆಸಿಕೊಂಡಿರುವ ನ್ಯುಮೊಕಾಕಸ್ಸನ್ನು ಮಣಿಸಬೇಕಾದರೆ ಡೋಸ್ ಜೋರಾಗಿಯೇ ಇರಬೇಕು. ಆದ್ದರಿಂದಲೇ ಬೇರೆ ಸೋಂಕುಗಳಿಗಿಂತ ಇಲ್ಲಿ ಸುಮಾರು ಎರಡರಷ್ಟು ಕೊಡುವುದು.

ಈಗ ಎರಡು ದಾರಿ. ಔಷಧಿ ಸೋತಿದೆ ಅಂತ ಮುಂದಿನದಕ್ಕೆ ಹೋಗುವುದು, ಅಥವಾ ಇದೇ ಔಷಧಿಯನ್ನು ಸರಿಯಾದ ಡೋಸ್‌ನಲ್ಲಿ ಕೊಡುವುದು. ನಾನು ಎರಡನೆಯದನ್ನು ಆರಿಸಿದೆ. ಔಷಧಿಗೆ ಇನ್ನೂ ಅವಕಾಶವೇ ಸಿಕ್ಕಿರಲಿಲ್ಲ. ಮಗುವಿನ ಸ್ಥಿತಿಯೂ ಒಂದು ದಿನ ಕಾಯುವಂತೆ ಇತ್ತು. ಮರುದಿನವೇ ತೋರಿಸಬೇಕು ಅನ್ನುವ ಷರತ್ತು ಹಾಕಿದೆ. ಮಗು ಸೊರಗಿದ್ದರೆ, ಜ್ವರ ಏರಿದ್ದರೆ ಆ ಧೈರ್ಯ ಮಾಡುತ್ತಿರಲಿಲ್ಲ.

250ರ ಬಾಟಲಿ ತರಿಸಿ ಎದುರಿಗೇ ಕಲಸಿ ತೋರಿಸಿದೆವು. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಬೇಕು. ಕಾಯಿಸಿ ಆರಿಸಿದ ನೀರನ್ನು ಗೆರೆಗಿಂತ ಸ್ವಲ್ಪ ಕೆಳಗೆ ಹಾಕಿ ಅಲ್ಲಾಡಿಸಬೇಕು. ನೊರೆ ಇಳಿದ ಮೇಲೆ ಗೆರೆಯವರೆಗೆ ತುಂಬಬೇಕು. ಗೆರೆ ದಾಟಿದರೆ ಔಷಧಿ ತೆಳುವಾಗುತ್ತದೆ. ಪ್ರತಿ ಸಲ ಅಲ್ಲಾಡಿಸಿಯೇ ಅಳೆಯಬೇಕು. ಅಳತೆಗೆ ಸಿರಿಂಜ್ ಒಳ್ಳೆಯದು, ಮನೆಯ ಚಮಚ ಬೇಡ. ಕಲಸಿದ ಔಷಧಿಯನ್ನು ಸಾಮಾನ್ಯವಾಗಿ 7 ದಿನದ ಮೇಲೆ ಬಳಸಬಾರದು. ಇವನಿಗೆ 10 ದಿನದ ಕೋರ್ಸ್ ಬೇಕು, 2 ವರ್ಷದೊಳಗಿನ ಮಕ್ಕಳಿಗೆ ಅಷ್ಟು. ದಿನಕ್ಕೆ 16 ಎಂಎಲ್ ಅಂದರೆ 60 ಎಂಎಲ್ ಬಾಟಲಿ ಮೂರು ಬೇಕಾಗುತ್ತದೆ. "ಒಂದು ಬಾಟ್ಲಿ ಮುಗಿದ್ರೆ ಕೋರ್ಸ್ ಮುಗೀತು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮರುದಿನ ಜ್ವರ 99.6. ರಾತ್ರಿ ನಾಲ್ಕು ಗಂಟೆ ಒಂದೇ ಸಮನೆ ಮಲಗಿದ್ದ. ಆಮೇಲೆ ಮತ್ತೆ ಜ್ವರ ಬರಲಿಲ್ಲ. ನಡುವೆ ಸ್ವಲ್ಪ ಭೇದಿ ಆಯಿತು. ಓಆರ್‌ಎಸ್, ಮೊಸರನ್ನ ಕೊಟ್ಟು ಔಷಧಿ ಮುಂದುವರಿಸಿದರು.

ನೋವು ಹೋಯಿತು, ನೀರು ಉಳಿಯಿತು

ಕೋರ್ಸ್ ಮುಗಿದ ಮೇಲೆ ನೋಡಿದಾಗ ಉಬ್ಬು ಪೂರ್ತಿ ಇಳಿದಿತ್ತು. ಆದರೆ ಗಾಳಿ ಬಿಟ್ಟರೆ ತಮಟೆ ಇನ್ನೂ ಅಲುಗುತ್ತಿರಲಿಲ್ಲ. ಹಿಂದೆ ದ್ರವ ಉಳಿದಿತ್ತು.

"ನೀರು ಐತೆ ಅಂದ್ರೆ ಇನ್ನೊಂದು ಬಾಟ್ಲಿ ಬರೀರಿ ಮತ್ತೆ" ಅಂದರು ಅಜ್ಜಿ.

ಬರೆಯಲಿಲ್ಲ. ಕೀವು ಬೇರೆ, ಸೋಂಕು ಹೋದ ಮೇಲೆ ಉಳಿಯುವ ನೀರು ಬೇರೆ. ಎರಡನೆಯದಕ್ಕೆ ಆಂಟಿಬಯಾಟಿಕ್ ಬೇಡ. ಒಂದು ತಿಂಗಳಾದರೂ 10ರಲ್ಲಿ ಸುಮಾರು 4 ಮಕ್ಕಳಲ್ಲಿ ಈ ನೀರು ಇರುತ್ತದೆ. ಹೆಚ್ಚಿನವರಲ್ಲಿ 3 ತಿಂಗಳೊಳಗೆ ಇಂಗುತ್ತದೆ. ಆದರೆ ಆ ನೀರು ಇರುವಷ್ಟು ದಿನ ಕಿವಿ ಸ್ವಲ್ಪ ಮಂದ. ಮಾತು ಕಲಿಯುವ ವಯಸ್ಸು ಇದು, ಅಲ್ವಾ? ಅದಕ್ಕೇ ನೋವು ನಿಂತಿತು ಅಂತ ಬರುವುದನ್ನು ನಿಲ್ಲಿಸಬೇಡಿ ಅಂತ ಬೇಡಿಕೊಂಡೆ. ಹಿಂದಿನಿಂದ ಕರೆದರೆ ತಿರುಗುತ್ತಾನಾ, ಹೊಸ ಶಬ್ದ ಆಡುತ್ತಾನಾ ಅಂತ ಗಮನಿಸಲು ಹೇಳಿದೆ.

ಅವರು ಬಂದರು. ಜನವರಿಯಲ್ಲಿ ಬಲಗಿವಿ ಸರಿಯಾಗಿತ್ತು, ಎಡಗಿವಿಯಲ್ಲಿ ನೀರಿತ್ತು. ಮಾರ್ಚ್‌ನಲ್ಲಿ ಎರಡೂ ತಮಟೆ ಚೆನ್ನಾಗಿ ಅಲುಗಿದವು. ಆಗ ಅವನು "ಅವ್ವ", "ಬಾ", "ತಾ" ಅನ್ನುತ್ತಿದ್ದ, ಅಕ್ಕನ ಹೆಸರನ್ನು ಅರ್ಧ ಕರೆಯುತ್ತಿದ್ದ. 3 ತಿಂಗಳ ಮೇಲೂ ನೀರು ಉಳಿದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ ಇಎನ್‌ಟಿ ವೈದ್ಯರಿಗೆ ಕಳಿಸುತ್ತಿದ್ದೆ. ಅಗತ್ಯ ಬಿದ್ದರೆ ತಮಟೆಯಲ್ಲಿ ಗ್ರಾಮೆಟ್ ಅನ್ನುವ ಪುಟ್ಟ ಕೊಳವೆ ಕೂರಿಸುತ್ತಾರೆ. ನಮ್ಮಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಎರಡು ಮೆಡಿಕಲ್ ಕಾಲೇಜುಗಳಿವೆ. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ.

ಈ ಮನೆಯಲ್ಲಿ ಬದಲಾದದ್ದು

ಮೂರು ವಿಷಯ ಮಾತಾಡಿದೆವು. ಮೊದಲನೆಯದು ಬಾಟಲಿ. ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸಿದರೆ ಆ ಗಿಡ್ಡ ನಳಿಗೆಯ ಬಾಯಿಯವರೆಗೂ ಹಾಲು ಹೋಗುತ್ತದೆ. ಒಂದು ವರ್ಷ ದಾಟಿದ ಮಗು ಕೂತು ಲೋಟದಲ್ಲಿ ಕುಡಿಯಬಹುದು. ಒಂದು ವಾರ ಗಲಾಟೆ ಮಾಡಿ ಒಪ್ಪಿಕೊಂಡ.

ಎರಡನೆಯದು ಲಸಿಕೆ. ನ್ಯುಮೊಕಾಕಲ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶದ ಎಲ್ಲೆಡೆ ಸರ್ಕಾರಿ ಪಟ್ಟಿಗೆ ಬಂತು. ಆರು ವಾರ, 14 ವಾರ, 9 ತಿಂಗಳು. ದುಡ್ಡಿಲ್ಲ. ಎಲ್ಲ ಕಿವಿ ಸೋಂಕನ್ನೂ ಇದು ತಡೆಯುವುದಿಲ್ಲ, ಕೆಲವನ್ನು ತಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ ನ್ಯುಮೋನಿಯಾದಿಂದ ಕಾಪಾಡುತ್ತದೆ. ಬಿಟ್ಟುಹೋಗಿದ್ದ ಡೋಸ್ ಹಾಕಿಸಿಕೊಂಡರು.

ಮೂರನೆಯದು ಹೊಗೆ. ಇದು ಕಷ್ಟದ ಮಾತು. ಹೊಗೆಯಿಂದ ಮೂಗು, ನಳಿಗೆಯ ಒಳಪದರ ಕೆಡುತ್ತದೆ, ಸೋಂಕು ಮರುಕಳಿಸುತ್ತದೆ. ಮನೆಯೊಳಗೆ ಬೀಡಿ ಬೇಡ ಅಂದಿದ್ದನ್ನು ತಂದೆ ತಕ್ಷಣ ಒಪ್ಪಿದರು. ಆದರೆ ಭಟ್ಟಿಯ ಹೊಗೆ? ಬದುಕು ನಡೆಯುವುದೇ ಅದರಿಂದ. ಮನೆ ಬದಲಿಸಿ ಅನ್ನುವುದು ಸುಲಭ, ಬಾಡಿಗೆ ಕಟ್ಟುವವರು ಅವರು. ಭಟ್ಟಿ ಉರಿಯುವ ಹೊತ್ತಿನಲ್ಲಿ ಆ ಕಡೆಯ ಕಿಟಕಿ ಮುಚ್ಚುವುದು, ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಮಲಗಿಸುವುದು, ಇಷ್ಟು ಸಾಧ್ಯವಾಯಿತು. ಮಂಡಕ್ಕಿ ಇಲ್ಲದ ದಾವಣಗೆರೆಯನ್ನು ಯಾರೂ ಕೇಳುತ್ತಿಲ್ಲ. ಹೊಗೆ ಕಡಿಮೆ ಮಾಡುವ ಒಲೆ ಆ ಕೆಲಸಗಾರರಿಗೆ ಸಿಗಬೇಕು. ಅವರ ಮಕ್ಕಳ ಕಿವಿ, ಶ್ವಾಸಕೋಶ ಎರಡಕ್ಕೂ ಅದೇ ಔಷಧಿ.

ಆರು ತಿಂಗಳಲ್ಲಿ ಮೂರು ಸಲ, ಅಥವಾ ವರ್ಷದಲ್ಲಿ ನಾಲ್ಕು ಸಲ ಹೀಗಾದರೆ ಪದೇ ಪದೇ ಬರುವ ಸೋಂಕು ಅನ್ನುತ್ತೇವೆ. ಆಗ ಯೋಚನೆಯೇ ಬೇರೆ. ಈ ಹುಡುಗ ಅಲ್ಲಿಗೆ ಹೋಗಲಿಲ್ಲ. ಜುಲೈ ಮಳೆಯಲ್ಲಿ ಮತ್ತೆ ನೆಗಡಿ, ಜ್ವರ, ಕಿವಿ ಎಳೆದಾಟ. ಅಜ್ಜಿ ಈ ಸಲ ಎಣ್ಣೆ ಬಿಡದೆ ಕರೆದುಕೊಂಡು ಬಂದರು. ಅತ್ತು ಅತ್ತು ಎರಡೂ ತಮಟೆ ಕೆಂಪಾಗಿದ್ದವು. ಆದರೆ ಉಬ್ಬಿರಲಿಲ್ಲ. ಗಾಳಿ ಬಿಟ್ಟರೆ ಅಲುಗಿದವು. ಪ್ಯಾರಾಸಿಟಮಾಲ್ ಬರೆದು, ಎರಡು ದಿನ ಬಿಟ್ಟು ತೋರಿಸಲು ಹೇಳಿ ಕಳಿಸಿದೆ.